ಬಾಗಿನದ ಸೆಟ್ಟನ್ನು ಆನ್‌ಲೈನ್ ಅಂಗಡಿಗೆ ಏರಿಸುವುದು: ಕಾಂಬೊ ರಿಯಾಯಿತಿಯ ಅಧ್ಯಯನ ಟಿಪ್ಪಣಿ

ಕಾಂಬೊ ಕಟ್ಟುವುದನ್ನು ಕಲಿಯಲು ಮೊರದ ಬಾಗಿನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಗೌರಿ ಹಬ್ಬ ಬಂತೆಂದರೆ ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಮೊರ, ಬಳೆ, ರವಿಕೆ ಕಣ, ಅರಿಶಿನ, ಕುಂಕುಮ, ಬಿಚ್ಚೋಲೆ ಎಲ್ಲವೂ ಬಿಡಿಯಾಗಿಯೂ ಸಿಗುತ್ತವೆ, ಸೆಟ್ಟಾಗಿಯೂ ಸಿಗುತ್ತವೆ. ಬಳೆ ಮುಗಿದರೆ ಅಂಗಡಿಯವರು ಪಕ್ಕದ ಅಂಗಡಿಯಿಂದ ತರಿಸುತ್ತಾರೆ. ಐದು ಸೆಟ್ ಕೊಂಡರೆ ಬೆಲೆಯನ್ನು ಬಾಯಲ್ಲೇ ಇಳಿಸುತ್ತಾರೆ. ವೆಬ್‌ಸೈಟಿಗೆ ಈ ಎರಡೂ ತಾನಾಗಿ ಬಾರದು. ಎಲ್ಲವನ್ನೂ ಮೊದಲೇ ಹೇಳಿಕೊಟ್ಟಿರಬೇಕು.

ನಾನು ಮುಖ್ಯವೆಂದು ಹಿಡಿದುಕೊಂಡಿರುವುದು ಇಷ್ಟು: ಸೆಟ್ಟಿಗೆ ತನ್ನದೇ ಸ್ಟಾಕ್ ಇರಬಾರದು, ತನ್ನದೇ ರಿಯಾಯಿತಿಯೂ ಇರಬಾರದು. ಸ್ಟಾಕ್ ಬಿಡಿ ವಸ್ತುಗಳಿಂದ ಏರಿ ಬರಬೇಕು, ರಿಯಾಯಿತಿ ಬಿಡಿ ವಸ್ತುಗಳ ಮೇಲೆ ಇಳಿಯಬೇಕು. ತೆರಿಗೆ, ವಾಪಸಾತಿಯ ಗೊಂದಲಗಳು ಹೆಚ್ಚಾಗಿ ಹುಟ್ಟುವುದು ಇವೆರಡರಲ್ಲಿ ಒಂದು ತಪ್ಪಿದಾಗ.

ಸ್ಟಾಕ್ ಲೆಕ್ಕ

ಒಂದು ಬಾಗಿನಕ್ಕೆ ಎರಡು ಮೊರ, ಒಂದು ರವಿಕೆ ಕಣ, ಒಂದು ಡಜನ್ ಬಳೆ ಬೇಕು. ನಿಮ್ಮಲ್ಲಿ 38 ಮೊರ, 50 ರವಿಕೆ ಕಣ, 45 ಡಜನ್ ಬಳೆ ಇವೆ ಎಂದುಕೊಳ್ಳಿ. ಒಂದೊಂದನ್ನೂ ಸೆಟ್ಟಿಗೆ ಬೇಕಾಗುವ ಸಂಖ್ಯೆಯಿಂದ ಭಾಗಿಸಿ, ಬಂದವುಗಳಲ್ಲಿ ಅತಿ ಚಿಕ್ಕದನ್ನು ತೆಗೆದುಕೊಳ್ಳಿ. ಮೊರದ ಲೆಕ್ಕ 19ಕ್ಕೆ ನಿಲ್ಲುತ್ತದೆ, ಹಾಗಾಗಿ ಮಾರಬಹುದಾದ ಸೆಟ್ 19. ಅಷ್ಟರಲ್ಲಿ ಯಾರೋ 10 ಮೊರ ಬಿಡಿಯಾಗಿ ಕೊಂಡರೆ ಉಳಿದದ್ದು 28; ಸೆಟ್ ಆ ಕ್ಷಣವೇ 14ಕ್ಕೆ ಇಳಿಯಬೇಕು. ಸೆಟ್ಟನ್ನು ಹೊಸ ಉತ್ಪನ್ನವಾಗಿ ಸೇರಿಸಿ ‘ಸ್ಟಾಕ್ 19’ ಎಂದು ಕೈಯಿಂದ ಬರೆದಿದ್ದರೆ ಅದು 19ರಲ್ಲೇ ನಿಂತಿರುತ್ತದೆ, ಅಂಗಡಿ ಇಲ್ಲದ ಐದು ಸೆಟ್ಟನ್ನು ಮಾರಿಬಿಡುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗ ‘ಕ್ಷಮಿಸಿ, ಸರಕಿಲ್ಲ’ ಎಂಬ ಸಂದೇಶ ಹೋದ ಮನೆಯವರು ಮತ್ತೆ ನಿಮ್ಮಲ್ಲಿಗೆ ಬರುವುದು ಕಷ್ಟ.

ಬಳೆಯಲ್ಲಿ ಇನ್ನೊಂದು ತೊಡಕಿದೆ. ಎರಡು ನಾಲ್ಕು, ಎರಡು ಆರು, ಎರಡು ಎಂಟು ಎಂದು ಅಳತೆಗಳು ಬೇರೆ. ಪ್ರತಿ ಅಳತೆಗೂ ಸ್ಟಾಕ್ ಬೇರೆ. 45 ಡಜನ್‌ನಲ್ಲಿ ‘ಎರಡು ಆರು’ ಅಳತೆಯವು ನಾಲ್ಕೇ ಡಜನ್ ಉಳಿದಿದ್ದರೆ ಆ ಅಳತೆಯ ಸೆಟ್ ನಾಲ್ಕೇ. ಅಳತೆ ಆರಿಸುವ ಅವಕಾಶ ಗಿರಾಕಿಗೆ ಕೊಡಲೇಬೇಕು, ಇಲ್ಲದಿದ್ದರೆ ಬಳೆ ಬಾಗಿನದಲ್ಲಿ ಇದ್ದೂ ಇಲ್ಲದಂತೆ.

ರಿಯಾಯಿತಿ ಎಲ್ಲಿ ಇಳಿಯಬೇಕು

ಲೆಕ್ಕಕ್ಕಾಗಿ ಬೆಲೆಗಳನ್ನು ಹೀಗೆ ಇಟ್ಟುಕೊಂಡಿದ್ದೇನೆ: ಜೋಡಿ ಮೊರ ₹240, ರವಿಕೆ ಕಣ ₹120, ಬಳೆ ₹60, ಅರಿಶಿನ ₹30, ಕುಂಕುಮ ₹20, ಬಿಚ್ಚೋಲೆ-ಕನ್ನಡಿ-ಬಾಚಣಿಗೆ ₹30. ಒಟ್ಟು ₹500. ಸೆಟ್ಟಿನ ಬೆಲೆ ₹440, ಅಂದರೆ ಶೇ 12 ರಿಯಾಯಿತಿ. ಇದನ್ನು ಬೆಲೆಯ ಪ್ರಮಾಣದಲ್ಲಿ ಹಂಚಿದರೆ ಮೊರ ₹211.20, ರವಿಕೆ ಕಣ ₹105.60, ಬಳೆ ₹52.80, ಅರಿಶಿನ ₹26.40, ಕುಂಕುಮ ₹17.60, ಬಿಚ್ಚೋಲೆ ಇತ್ಯಾದಿ ₹26.40. ಕೂಡಿಸಿ ನೋಡಿ, ಸರಿಯಾಗಿ ₹440.

ಇಷ್ಟು ಹಂಚುವ ಶ್ರಮ ಯಾಕೆ? ರವಿಕೆ ಕಣದಲ್ಲಿ ಕಲೆ ಇದೆ ಎಂದು ಗಿರಾಕಿ ಅದೊಂದನ್ನು ವಾಪಸ್ ಕಳಿಸಿದರೆ ₹120 ಕೊಡುವುದೋ, ₹105.60 ಕೊಡುವುದೋ? ಅವರು ಕೊಟ್ಟಿದ್ದು ₹105.60, ವಾಪಸ್ ಹೋಗಬೇಕಾದದ್ದೂ ಅಷ್ಟೇ. ಹಂಚಿಕೆ ಬಿಲ್ಲಿನಲ್ಲಿ ಇಲ್ಲದಿದ್ದರೆ ಈ ಮಾತು ಫೋನಿನಲ್ಲಿ ಚೌಕಾಸಿಯಾಗುತ್ತದೆ. ಪೂರ್ತಿ ₹60ನ್ನೂ ಲಾಭ ಹೆಚ್ಚಿರುವ ರವಿಕೆ ಕಣದ ಮೇಲೇ ಹಾಕುವ ವಿಧಾನವೂ ಇದೆ. ಆಗ ಕಣ ವಾಪಸ್ ಬಂದರೆ ₹60 ಕೊಟ್ಟರೆ ಸಾಕು, ಉಳಿದ ಸಾಮಾನು ಪೂರ್ತಿ ಬೆಲೆಗೆ ಹೋದಂತಾಗುತ್ತದೆ. ಅಂಗಡಿಗೆ ಅನುಕೂಲವೇ. ಆದರೆ ₹120ರ ಕಣಕ್ಕೆ ₹60 ಯಾಕೆ ಬಂತೆಂದು ಗಿರಾಕಿಗೆ ತಿಳಿಯುವುದಿಲ್ಲ. ಪ್ರಮಾಣದ ಹಂಚಿಕೆಯೇ ನ್ಯಾಯ ಎಂಬುದು ನನ್ನ ಅಭಿಪ್ರಾಯ.

ರೂಪಾಯಿಗೆ ಸರಿಹೊಂದಿಸುವಾಗ ಎಚ್ಚರ ಬೇಕು. ಸೆಟ್ಟನ್ನು ₹449ಕ್ಕೆ ಇಟ್ಟು ಪ್ರತಿ ಪಾಲನ್ನೂ ಹತ್ತಿರದ ರೂಪಾಯಿಗೆ ತಂದರೆ 216, 108, 54, 27, 18, 27 ಬರುತ್ತದೆ, ಮೊತ್ತ ₹450. ಒಂದು ರೂಪಾಯಿ ಎಲ್ಲಿಂದ ಬಂತೆಂದು ಲೆಕ್ಕದವರು ಹುಡುಕುತ್ತಾರೆ. ಐದು ಪಾಲುಗಳನ್ನು ಸರಿಹೊಂದಿಸಿ, ಉಳಿದದ್ದನ್ನು ಅತಿ ದೊಡ್ಡ ಪಾಲಿಗೆ, ಅಂದರೆ ಮೊರಕ್ಕೆ ₹215 ಎಂದು ಬಿಟ್ಟುಬಿಡಿ.

ಇನ್ನು ಲಾಭ. ಈ ಸಾಮಾನಿನ ಅಸಲು ₹350 ಎಂದುಕೊಂಡರೆ ಬಿಡಿ ಮಾರಾಟದಲ್ಲಿ ಲಾಭ ₹150, ಸೆಟ್ಟಿನಲ್ಲಿ ₹90. ಬೆಲೆಯಲ್ಲಿ ಬಿಟ್ಟದ್ದು ಶೇ 12, ಲಾಭದಲ್ಲಿ ಹೋದದ್ದು ಶೇ 40. ಬಿಡಿಯಾಗಿ ನೂರು ಜನಕ್ಕೆ ಎಲ್ಲವನ್ನೂ ಮಾರಿ ಬರುವ ₹15,000 ಸೆಟ್ಟಿನಲ್ಲಿ ಬರಬೇಕಾದರೆ 167 ಸೆಟ್ ಹೋಗಬೇಕು. ಹೇಗೂ ಎಲ್ಲವನ್ನೂ ಕೊಳ್ಳುತ್ತಿದ್ದವರಿಗೇ ರಿಯಾಯಿತಿ ಕೊಟ್ಟರೆ ನಷ್ಟ. ಮೊರ ಮಾತ್ರ ಕೊಂಡು ಹೋಗುತ್ತಿದ್ದವರು ರವಿಕೆ ಕಣವನ್ನೂ ತೆಗೆದುಕೊಂಡರೆ ಲಾಭ. ರಿಯಾಯಿತಿ ಎಷ್ಟೆಂದು ನಿರ್ಧರಿಸುವ ಮುನ್ನ ಹಳೆಯ ಬಿಲ್ಲುಗಳನ್ನು ತೆಗೆದು, ಯಾವುದರ ಜೊತೆ ಯಾವುದು ಹೋಗಿದೆ ಎಂದು ನೋಡಿ.

ಜಿಎಸ್‌ಟಿ

ನೋಂದಣಿ ಇರುವವರಿಗೆ ಇದು ಹಣದ ಪ್ರಶ್ನೆ. 2017ರ ಕೇಂದ್ರ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಸಹಜವಾಗಿ ಒಂದಕ್ಕೊಂದು ಅಂಟಿಕೊಂಡಿರದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆ. ಒಳಗಿರುವುದರಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದೇ ಇಡೀ ಸೆಟ್ಟಿಗೆ. ಗಾಜಿನ ಬಳೆಗೂ ಕುಂಕುಮಕ್ಕೂ ತೆರಿಗೆಯಿಲ್ಲ, ಅರಿಶಿನ ಪುಡಿಗೆ ಶೇ 5. ಒಂದೇ ಬೆಲೆ ಹಾಕಿದರೆ ಬಳೆ, ಕುಂಕುಮವೂ ತೆರಿಗೆಗೆ ಸಿಕ್ಕಿಕೊಳ್ಳುತ್ತವೆ. ಚೆಂದಕ್ಕೆಂದು ಶೇ 18 ದರದ ಪುಟ್ಟ ಸೆಂಟ್ ಬಾಟಲಿ ಸೇರಿಸಿದರೆ ಇನ್ನೂ ಬಿಗಿ: ಉಳಿದ ಸಾಮಾನಿನಲ್ಲಿ ಯಾವುದರ ದರವೂ ಶೇ 5 ಮೀರಿಲ್ಲ ಎಂದುಕೊಂಡರೆ, ತೆರಿಗೆ ಸೇರಿದ ₹440ರಲ್ಲಿ ಶೇ 5ರಂತೆ ₹20.95 ಹೋಗುವ ಕಡೆ ಶೇ 18ರಂತೆ ₹67.12 ಹೋಗುತ್ತದೆ. ಪ್ರತಿ ವಸ್ತುವಿನ ಬೆಲೆ, ರಿಯಾಯಿತಿ, ದರ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಬರುವಂತೆ ಮಾಡುವುದಕ್ಕೆ ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯನ್ನು ತೆರಿಗೆಯ ಮೌಲ್ಯದಿಂದ ಕಳೆಯಲು 15ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿಮ್ಮ ಸೆಟ್ಟಿನ ವಸ್ತುಗಳ ಪಟ್ಟಿಯನ್ನು ಲೆಕ್ಕಪತ್ರ ನೋಡುವವರಿಗೆ ಒಮ್ಮೆ ತೋರಿಸಿ.

ಯಾವ ಗುಂಡಿ ಎಲ್ಲಿ

ವರ್ಡ್‌ಪ್ರೆಸ್ ವೆಬ್‌ಸೈಟಿನಲ್ಲಿ ಅಂಗಡಿ ನಡೆಸಲು ಬಳಸುವ ವೂಕಾಮರ್ಸ್‌ನಲ್ಲಿ ಮೊದಲೇ ಇರುವ ‘ಗ್ರೂಪ್ಡ್ ಪ್ರಾಡಕ್ಟ್’ ನೋಡಿ ಹಲವರು ಅದೇ ಕಾಂಬೊ ಎಂದುಕೊಳ್ಳುತ್ತಾರೆ. ಅದು ವಸ್ತುಗಳನ್ನು ಒಂದು ಪುಟದಲ್ಲಿ ಸಾಲಾಗಿ ತೋರಿಸುತ್ತದೆ ಅಷ್ಟೇ. ಅದಕ್ಕೆ ಸ್ವಂತ ಬೆಲೆಯೂ ಇಲ್ಲ, ರಿಯಾಯಿತಿಯೂ ಇಲ್ಲ. ನಮಗೆ ಬೇಕಾದದ್ದು ಹಣ ಕೊಟ್ಟು ಕೊಳ್ಳುವ ‘ಪ್ರಾಡಕ್ಟ್ ಬಂಡಲ್ಸ್’ ಎಕ್ಸ್‌ಟೆನ್ಷನ್. ಅದರಲ್ಲಿ ಪ್ರತಿ ವಸ್ತುವಿಗೂ ‘ಪ್ರೈಸ್ಡ್ ಇಂಡಿವಿಜುಯಲಿ’ ಎಂಬ ಆಯ್ಕೆ ಇದೆ. ಅದನ್ನು ಟಿಕ್ ಮಾಡಿದರೆ ಆ ವಸ್ತುವಿನ ಸ್ವಂತ ಬೆಲೆ ಉಳಿಯುತ್ತದೆ, ಶೇಕಡಾ ರಿಯಾಯಿತಿ ಬರೆಯುವ ಜಾಗ ತೆರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಆರೂ ಕಡೆ 12 ಎಂದು ಬರೆದರೆ ಮುಗಿಯಿತು. ಆನ್‌ಲೈನ್ ಅಂಗಡಿ ನಡೆಸುವ ಇನ್ನೊಂದು ಸೇವೆಯಾದ ಶಾಪಿಫೈಯಲ್ಲಿ ಅವರದೇ ಉಚಿತ ‘ಬಂಡಲ್ಸ್’ ಆ್ಯಪ್ ಇದೆ. ಸೆಟ್ ಎಷ್ಟು ಉಳಿದಿದೆ ಎಂಬುದನ್ನು ಅದು ಬಿಡಿ ವಸ್ತುಗಳಿಂದಲೇ ಲೆಕ್ಕ ಹಾಕುತ್ತದೆ.

ಕೂಪನ್ ಇಟ್ಟಿದ್ದರೆ ಅದರ ನಿಯಮದಲ್ಲಿ ಸೆಟ್ಟನ್ನು ಹೊರಗಿಡಿ. ಇಲ್ಲದಿದ್ದರೆ ರಿಯಾಯಿತಿಯ ಮೇಲೆ ರಿಯಾಯಿತಿ ಕೂತು ₹90ರ ಲಾಭ ಕರಗುತ್ತದೆ. ಹಾಗೆಯೇ ಗಿರಾಕಿ ಕೇಳದ ಊದುಬತ್ತಿಯನ್ನು ಮೊದಲೇ ಟಿಕ್ ಮಾಡಿ ಬುಟ್ಟಿಗೆ ಸೇರಿಸಿ ಇಡಬೇಡಿ. ಗಿರಾಕಿಯನ್ನು ದಾರಿ ತಪ್ಪಿಸುವ ವೆಬ್‌ಸೈಟ್ ತಂತ್ರಗಳ ವಿರುದ್ಧ ಕೇಂದ್ರ ಸರ್ಕಾರ ತಂದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಒಪ್ಪಿಗೆಯಿಲ್ಲದೆ ಬುಟ್ಟಿಗೆ ತುರುಕುವುದನ್ನು ನಿಷೇಧಿಸಿದೆ. ಗೀಟು ಎಳೆದು ತೋರಿಸುವ ₹500 ಕೂಡ ನೀವು ನಿಜವಾಗಿ ಬಿಡಿಯಾಗಿ ಮಾರುವ ಬೆಲೆಗಳ ಮೊತ್ತವೇ ಆಗಿರಲಿ.

ಕೊರಿಯರ್

ಮೊರ ಹಗುರ, ಆದರೆ ಜಾಗ ತಿನ್ನುತ್ತದೆ. 45, 40, 12 ಸೆಂ.ಮೀ. ಅಳತೆಯ ಡಬ್ಬಿಯ ಘನ ಅಳತೆಯನ್ನು 5000ದಿಂದ ಭಾಗಿಸಿದರೆ 4.32 ಕೆ.ಜಿ. ತಕ್ಕಡಿಯಲ್ಲಿ ಅದರ ಅರ್ಧವೂ ತೂಗದಿದ್ದರೂ ಹೆಚ್ಚಿನ ಕೊರಿಯರ್‌ಗಳು ದರ ಹಾಕುವುದು ಇದಕ್ಕೆ. ಆದ್ದರಿಂದ ಉಚಿತ ಡೆಲಿವರಿ ಮತ್ತು ರಿಯಾಯಿತಿ ಎರಡನ್ನೂ ಒಂದೇ ಸೆಟ್ಟಿಗೆ ಕೊಡುವ ಮುನ್ನ ಡಬ್ಬಿಯನ್ನು ಅಳೆಯಿರಿ. ಚಿಕ್ಕ ಮೊರ ಇಟ್ಟರೆ ಈ ಲೆಕ್ಕ ಎಷ್ಟೋ ಹಗುರವಾಗುತ್ತದೆ.

ತೆರೆಯುವ ಮುನ್ನ

ನೀವೇ ಒಂದು ಆರ್ಡರ್ ಹಾಕಿ, ಮೊರ ಎರಡು, ಬಳೆ ಒಂದು ಡಜನ್ ಇಳಿಯಿತೇ ನೋಡಿ. ಆರ್ಡರ್ ರದ್ದು ಮಾಡಿ, ಅಷ್ಟೂ ವಾಪಸ್ ಏರಿತೇ ನೋಡಿ. ಬಿಲ್ ಮುದ್ರಿಸಿ ಆರು ಸಾಲನ್ನೂ ಓದಿ. ವೂಕಾಮರ್ಸ್‌ನಲ್ಲಿ ಹಣ ಕಟ್ಟದೆ ಬಿಟ್ಟ ಆರ್ಡರ್ ಸರಕನ್ನು 60 ನಿಮಿಷ ಹಿಡಿದಿಡುವಂತೆ ಸೆಟ್ಟಿಂಗ್ ಇರುತ್ತದೆ. ಹಬ್ಬದ ವಾರಕ್ಕೆ ಅದನ್ನು ಇಳಿಸಿಕೊಳ್ಳುವುದು ಒಳ್ಳೆಯದು. ವರ್ಡ್‌ಪ್ರೆಸ್‌ನ ಸಮಯ ವಲಯ ಕೋಲ್ಕತ್ತಾ ಎಂದಿದೆಯೇ ಎಂಬುದನ್ನೂ ನೋಡಿ. ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ (ವಿಶ್ವ ಸಮಯ) ಎಂದೇ ಉಳಿದಿದ್ದರೆ ನಡುರಾತ್ರಿ ತೆರೆಯಬೇಕಾದ ಆಫರ್ ಬೆಳಗಿನ 5.30ಕ್ಕೆ ತೆರೆದು, ಮುಗಿಯಬೇಕಾದ ದಿನದ ಮರುದಿನ ಬೆಳಗಿನ 5.30ರವರೆಗೂ ನಡೆಯುತ್ತದೆ. ಮುಗಿಯುವ ದಿನವನ್ನು ಹಬ್ಬದ ದಿನಕ್ಕೆ ಇಡದೆ, ಪಾರ್ಸೆಲ್ ದೂರದ ಊರಿಗೆ ತಲುಪಲು ಬೇಕಾಗುವಷ್ಟು ದಿನ ಹಿಂದಕ್ಕೆ ಇಡಿ.