ಊರಂಚಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದರೆ ಕಳ್ಳರ ಭಯವಿದೆಯೇ?

ಪ್ರಶ್ನೆ: ನಾವು ಕೊಪ್ಪಳದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಪತಿಗೆ ಗಿಣಿಗೇರಾ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ತಿಂಗಳಲ್ಲಿ ಎಂಟು ಹತ್ತು ರಾತ್ರಿ ನಾನು ಮತ್ತು ಇಬ್ಬರು ಮಕ್ಕಳು ಮಾತ್ರ ಮನೆಯಲ್ಲಿರುತ್ತೇವೆ. ಭಾಗ್ಯನಗರದ ಕಡೆ ಎರಡು ನಿವೇಶನ ನೋಡಿದ್ದೇವೆ. ಒಂದು ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿದೆ, ದೊಡ್ಡದು. ಇನ್ನೊಂದು ಹಳೆಯ ಓಣಿಯಲ್ಲಿದೆ, ಚಿಕ್ಕದು. ಹೊರವಲಯದಲ್ಲಿ ಕಳ್ಳತನ ಹೆಚ್ಚು ಎಂದು ನೆಂಟರು ಹೆದರಿಸುತ್ತಿದ್ದಾರೆ. ಅಲ್ಲಿ ಅಪರಾಧ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಬಳ್ಳಾರಿಯ ಸಿರುಗುಪ್ಪ ರಸ್ತೆಯ ಕಡೆ ಮನೆ ಹುಡುಕುವವರೂ ರಾಯಚೂರಿನ ಯರಮರಸ್ ಕಡೆ ನಿವೇಶನ ನೋಡುವವರೂ ಕೇಳುವ ಪ್ರಶ್ನೆಯಿದು. ಎಲ್ಲರೂ ಒಂದು ಅಂಕಿಯನ್ನು ಬಯಸುತ್ತಾರೆ. ಭಾಗ್ಯನಗರದಷ್ಟು ಚಿಕ್ಕ ಊರಿಗೆ ಅಂಥ ಅಂಕಿಯನ್ನು ಯಾರೂ ಪ್ರಕಟಿಸುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ರಾಜ್ಯಗಳ, ಜಿಲ್ಲೆಗಳ, ಮಹಾನಗರಗಳ ಲೆಕ್ಕ ಸಿಗುತ್ತದೆ. ಕೊಪ್ಪಳ ಜಿಲ್ಲೆ ಎಂದರೆ ಏಳು ತಾಲ್ಲೂಕು, 2011ರ ಜನಗಣತಿಯಂತೆ ಸುಮಾರು 13.9 ಲಕ್ಷ ಜನ. ಗಂಗಾವತಿಯ ಪೇಟೆ, ಕುಷ್ಟಗಿಯ ಹಳ್ಳಿ, ಕಾರಟಗಿಯ ಅಕ್ಕಿ ಗಿರಣಿ, ನಿಮ್ಮ ಓಣಿ, ಎಲ್ಲವೂ ಒಂದೇ ಚೀಲದಲ್ಲಿ. ಆ ಚೀಲದ ತೂಕ ನೋಡಿ ನಿಮ್ಮ ಮನೆಯ ಬಾಗಿಲಿನ ಗಟ್ಟಿತನ ಹೇಳಲಾಗದು.

ಅಪರಾಧ ದರ ಎಂದರೆ ಒಂದು ಲಕ್ಷ ಜನರಿಗೆ ಒಂದು ವರ್ಷದಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ. ಇಲ್ಲಿ ‘ದಾಖಲಾದ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದೇ ಘಟನೆಯಲ್ಲಿ ಹಲವು ಅಪರಾಧ ನಡೆದಿದ್ದರೆ ಬ್ಯೂರೊ ಅವುಗಳಲ್ಲಿ ಅತಿ ಘೋರವಾದುದನ್ನಷ್ಟೇ ಎಣಿಸುತ್ತದೆ. ಮನೆಗೆ ನುಗ್ಗಿ, ದೋಚಿ, ಕೊಲೆಯನ್ನೂ ಮಾಡಿದ್ದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಸಣ್ಣ ಊರುಗಳಲ್ಲಿ ದರವೇ ದಾರಿ ತಪ್ಪಿಸುತ್ತದೆ. 20,000 ಜನರ ಒಂದು ಊರಿನಲ್ಲಿ ಹಿಂದಿನ ವರ್ಷ ಐದು ಮನೆಗಳವು, ಈ ವರ್ಷ ಎಂಟು ಎಂದುಕೊಳ್ಳಿ. ದರ 25ರಿಂದ 40ಕ್ಕೆ ಏರಿತು, ಶೇ 60ರಷ್ಟು ಹೆಚ್ಚಳ. ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಹೆಚ್ಚಾದದ್ದು ಮೂರು ಮನೆ, ಅದೂ ಒಂದೇ ತಂಡದ ಒಂದೇ ರಾತ್ರಿಯ ಕೆಲಸವಾಗಿರಬಹುದು.

ಬಳ್ಳಾರಿಯವರಿಗೆ ಇನ್ನೊಂದು ಎಚ್ಚರಿಕೆ. 2021ರಲ್ಲಿ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಮೊದಲಾದ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಹೋದವು. ಅದಕ್ಕೆ ಮುಂಚಿನ ಬಳ್ಳಾರಿಯ ಅಂಕಿಯನ್ನು ಈಗಿನದರ ಪಕ್ಕ ಇಟ್ಟು ಅಪರಾಧ ಇಳಿದಿದೆ ಎನ್ನುವುದು ಅರ್ಥವಿಲ್ಲದ ಮಾತು. ಇಳಿದದ್ದು ಜಿಲ್ಲೆಯ ವಿಸ್ತೀರ್ಣ.

ನಿಮ್ಮ ನೆಂಟರ ಭಯಕ್ಕೆ ಹಿನ್ನೆಲೆ ಇರಬಹುದು. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ದೌರ್ಜನ್ಯದ ಬಳಿಕ ಕೊಪ್ಪಳ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಆ ಕೃತ್ಯ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದರೆ ಕಾಲುವೆ ದಂಡೆಯ ನಿರ್ಜನ ಜಾಗದಲ್ಲಿ ನಡೆದ ಆ ಘಟನೆಯಿಂದ ಭಾಗ್ಯನಗರದ ಮನೆಗಳ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಹಾಗಾದರೆ ಏನನ್ನು ನೋಡಬೇಕು? ಮೊದಲು ನಿಮ್ಮ ನಿವೇಶನ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆ, ಆ ಬೀದಿಯ ಬೀಟ್ ಪೊಲೀಸರು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಊರಂಚಿನಲ್ಲಿ ರಸ್ತೆಯ ಈಚೆಗೊಂದು ಠಾಣೆ, ಆಚೆಗೊಂದು ಠಾಣೆ ಇರುವುದುಂಟು. ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶ ನೀಡಿದಂತೆ, ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ಒಂದು ಸಂಜೆ ಕುಳಿತು ನಿಮ್ಮ ಠಾಣೆಯ ಆರು ತಿಂಗಳ ಎಫ್‌ಐಆರ್‌ಗಳನ್ನು ಓದಿ. ಅದು ಸಾಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ, ಮೂರು ವರ್ಷಗಳಲ್ಲಿ ಆ ಠಾಣೆಯಲ್ಲಿ ಹಗಲು ಮನೆಗಳವು, ರಾತ್ರಿ ಮನೆಗಳವು, ಸರಗಳವು, ವಾಹನ ಕಳವು ಎಷ್ಟೆಷ್ಟು ದಾಖಲಾಗಿವೆ, ಎಷ್ಟು ಪತ್ತೆಯಾಗಿವೆ ಎಂದು ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಬರೇ ಒಟ್ಟು ಸಂಖ್ಯೆ ಕೇಳಬೇಡಿ. ಜೂಜು, ಕುಡಿತದ ಜಗಳ, ರಸ್ತೆ ಅಪಘಾತ ಎಲ್ಲ ಸೇರಿದ ಮೊತ್ತದಿಂದ ನಿಮಗೆ ಪ್ರಯೋಜನವಿಲ್ಲ.

ಆ ಕಾಗದವನ್ನೂ ಪೂರ್ತಿ ನಂಬಬೇಡಿ. ಹೊರವಲಯದಲ್ಲಿ ದಾಖಲಾಗದೆ ಉಳಿಯುವ ಕಳವುಗಳು ಬಹಳ. ಗ್ಯಾಸ್ ಸಿಲಿಂಡರ್, ನೀರಿನ ಮೋಟಾರು, ಕಟ್ಟಡದ ಕಬ್ಬಿಣ, ವೈರು ಹೋದರೆ ‘ಠಾಣೆಗೆ ಅಲೆಯುವವರಾರು’ ಎಂದು ಸುಮ್ಮನಾಗುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಅಸಂಜ್ಞೇಯ. ಅಂದರೆ ಪೊಲೀಸರು ಅದಕ್ಕೆ ನೇರವಾಗಿ ಎಫ್‌ಐಆರ್ ಹಾಕುವುದಿಲ್ಲ. ಬೀಗ ಒಡೆದು ಒಳನುಗ್ಗಿದರೆ ಮಾತು ಬೇರೆ. ರಾತ್ರಿ ಕಳವಿಗಾಗಿ ಮನೆಗೆ ಕನ್ನ ಹಾಕಿದರೆ 14 ವರ್ಷದವರೆಗೆ, ಹಗಲಿನಲ್ಲಾದರೆ 10 ವರ್ಷದವರೆಗೆ ಶಿಕ್ಷೆಯಿದೆ. ಅಂಥ ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳಲೇಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತ. ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ದಯವಿಟ್ಟು ದೂರು ಕೊಡಿ. ದೂರು ಹೆಚ್ಚಾದರೆ ಓಣಿಗೆ ಕೆಟ್ಟ ಹೆಸರು ಬರುತ್ತದೆ, ನಿವೇಶನದ ಬೆಲೆ ಬೀಳುತ್ತದೆ ಎಂದು ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಾಖಲೆಯೇ ಇಲ್ಲದ ಬೀದಿಗೆ ರಾತ್ರಿ ಗಸ್ತು ಬೇಕು ಎಂದು ಯಾವ ಆಧಾರದ ಮೇಲೆ ಕೇಳುತ್ತೀರಿ?

ಇನ್ನು ಕಾಗದ ಬಿಟ್ಟು ನೆಲಕ್ಕೆ ಬನ್ನಿ. ನಿವೇಶನ ನೋಡಲು ಎಲ್ಲರೂ ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ನೀವು ರಾತ್ರಿ ಎಂಟೂವರೆಗೆ ಒಮ್ಮೆ, ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಒಮ್ಮೆ ಹೋಗಿ. ರಾತ್ರಿ ಎಷ್ಟು ಬೀದಿದೀಪ ಉರಿಯುತ್ತವೆ ನೋಡಿ. ಹೊಸ ಬಡಾವಣೆಯಲ್ಲಿ ಕಂಬಗಳಿದ್ದೂ ಕತ್ತಲಿದ್ದರೆ ಬಡಾವಣೆ ಇನ್ನೂ ಪಟ್ಟಣ ಪಂಚಾಯಿತಿಗೆ ಹಸ್ತಾಂತರವಾಗಿದೆಯೇ ಎಂದು ಕೇಳಿ. ಹಸ್ತಾಂತರವಾಗುವವರೆಗೆ ದೀಪ, ಚರಂಡಿ, ರಸ್ತೆ ಎಲ್ಲ ಬಡಾವಣೆ ಮಾಡಿದವರ ಹೊಣೆ. ನಿವೇಶನಗಳು ಮಾರಾಟವಾದ ಮೇಲೆ ಆ ಹೊಣೆಯನ್ನು ಮರೆಯುವವರು ಕಡಿಮೆಯೇನಲ್ಲ. ಪಕ್ಕದ ಖಾಲಿ ನಿವೇಶನಗಳಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿಂಬಾಗಿಲ ಬಳಿ ಯಾರು ನಿಂತಿದ್ದಾರೆಂದು ಕಾಣದಂತೆ ಮಾಡುವುದು ಅದೇ ಪೊದೆ.

ಮಧ್ಯಾಹ್ನದ ಭೇಟಿ ಏಕೆಂದರೆ, ಹಗಲು ಮನೆಗಳವಿಗೆ ಬೇಕಾದದ್ದು ಖಾಲಿ ಬೀದಿ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಬಡಾವಣೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನಾಯಿಯೂ ಬೊಗಳುವುದಿಲ್ಲ. ಭಾಗ್ಯನಗರದ ಹಳೆಯ ಓಣಿಗಳ ಬದುಕು ಬೇರೆ. ನೇಕಾರಿಕೆಯ, ಕೂದಲು ಉದ್ಯಮದ ಊರದು. ಮನೆಯಲ್ಲೇ ಮಗ್ಗವಿರುವವರು, ಕಟ್ಟೆಯ ಮೇಲೆ ಕುಳಿತು ಕೂದಲು ಬಿಡಿಸುವ ಹೆಂಗಸರು ಇಡೀ ದಿನ ಬೀದಿಯಲ್ಲಿ ಕಣ್ಣಿಟ್ಟಿರುತ್ತಾರೆ. ಗುರುತಿಲ್ಲದವನು ಎರಡು ಸಲ ಸುತ್ತಿದರೆ ‘ಯಾರು ಬೇಕಪ್ಪಾ?’ ಎಂದು ಕೇಳುವ ಧ್ವನಿ ಅಲ್ಲಿದೆ. ನನ್ನ ದೃಷ್ಟಿಯಲ್ಲಿ ಯಾವ ಕ್ಯಾಮೆರಾಗಿಂತಲೂ ಅದು ಹೆಚ್ಚು ಬೆಲೆಬಾಳುತ್ತದೆ. ಕ್ಯಾಮೆರಾ ಬಹುಪಾಲು ಕಳವಾದ ಮೇಲೆ ನೋಡುವ ವಸ್ತು.

ನಮ್ಮ ಭಾಗದ ಕಳವಿಗೆ ಋತುಗಳೂ ಇವೆ. ಬೇಸಿಗೆಯಲ್ಲಿ ಸೆಕೆ ತಾಳದೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತೇವೆ. ಕೆಳಗೆ ಬಾಗಿಲಿಗೆ ಬೀಗ, ಒಳಗೆ ಬೀರು, ಬೀರುವಿನ ಕೀಲಿ ಅದರ ಮೇಲೆಯೇ. ಬೆಳಿಗ್ಗೆ ಇಳಿದು ಬಂದಾಗ ಬಾಗಿಲು ತೆರೆದಿರುತ್ತದೆ. ಒಳಗೇ ಮಲಗಿದರೂ ಕೂಲರ್‌ನ ಸದ್ದಿನಲ್ಲಿ ಚಿಲಕ ಮುರಿದದ್ದು ಕೇಳಿಸುವುದಿಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಯ ತೇರಿನ ಸಂಜೆ ಓಣಿಗೆ ಓಣಿಯೇ ಬೀಗ ಹಾಕಿ ಹೊರಡುತ್ತದೆ. ಮದುವೆಯ ದಿನಗಳಲ್ಲಿ, ಯುಗಾದಿಯಲ್ಲಿ ಕೂಡ ಹಾಗೆಯೇ. ಗುಳೆ ಹೋದ ಮನೆಗಳಲ್ಲಂತೂ ಬೀಗ ತಿಂಗಳುಗಟ್ಟಲೆ ಹೊರಗಿನಿಂದ ಕಾಣುತ್ತದೆ. ಹೊರಗೆ ನೇತಾಡುವ ಬೀಗದ ಬದಲು ಬಾಗಿಲೊಳಗೇ ಕೂರುವ ಬೀಗ ಹಾಕಿಸಿ. ಮಾಳಿಗೆಯ ಮೆಟ್ಟಿಲಿಗೂ ಹಿತ್ತಲ ಬಾಗಿಲಿಗೂ ಮುಂಬಾಗಿಲಷ್ಟೇ ಗಟ್ಟಿ ಚೌಕಟ್ಟು ಇಡಿಸಿ. ಹೊಸ ಮನೆ ಕಟ್ಟುವವರು ಮುಂಬಾಗಿಲಿನ ತೇಗಕ್ಕೆ ಸುರಿಯುವ ಹಣದಲ್ಲಿ ಕಾಲು ಭಾಗವನ್ನು ಹಿತ್ತಲಿಗೆ ಇಟ್ಟರೆ ಸಾಕು. ಊರಿಗೆ ಹೋಗುವಾಗ ಬೀಟ್ ಪೊಲೀಸರಿಗೆ ತಿಳಿಸಿ. 2025ರ ಜುಲೈನಲ್ಲಿ ರಾಜ್ಯದಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಿ ಅವರೇ ನಿಮ್ಮ ಮನೆಗೆ ಬಂದರೆ ಸಂಕೋಚಪಡದೆ ದೀಪ, ಪೊದೆ, ಗಸ್ತಿನ ವಿಷಯ ಹೇಳಿ.

ಕಳವಾಗಿದೆ ಎಂದು ಕಂಡರೆ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗಿರಬಹುದು. 112ಕ್ಕೆ ಕರೆ ಮಾಡಿ. ಬೆರಳಚ್ಚು ತೆಗೆಯುವವರು ಬರುವವರೆಗೆ ನೆರೆಹೊರೆಯವರು ಬೀರು ಮುಟ್ಟಿ ಮರುಗದಂತೆ ತಡೆಯಿರಿ. ಒಡವೆಯ ರಸೀದಿ, ಅವನ್ನು ತೊಟ್ಟ ಫೋಟೊ ಮೊದಲೇ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ. ಸಿಕ್ಕ ಮಾಲಿನಲ್ಲಿ ನಿಮ್ಮ ಸರ ಯಾವುದೆಂದು ತೋರಿಸಲು ಅದು ಬೇಕು.

ನಿಮ್ಮ ಎರಡು ನಿವೇಶನಗಳಿಗೆ ಬರುತ್ತೇನೆ. ತಿಂಗಳಲ್ಲಿ ಹತ್ತು ರಾತ್ರಿ ಮಕ್ಕಳೊಂದಿಗೆ ಒಬ್ಬರೇ ಇರಬೇಕಾದವರು ನೀವು. ಹೊಸ ಬಡಾವಣೆಯ ಕೊನೆಯ ಸಾಲಿನ ಆಚೆಗೆ ಹೊಲವಿದ್ದು, ಅಕ್ಕಪಕ್ಕ ಇನ್ನೂ ಮನೆ ಎದ್ದಿಲ್ಲದಿದ್ದರೆ, ನಾನಾಗಿದ್ದರೆ ಹಳೆಯ ಓಣಿಯ ಚಿಕ್ಕ ನಿವೇಶನವನ್ನೇ ಆರಿಸುತ್ತಿದ್ದೆ. ದೊಡ್ಡದರ ಮೇಲೇ ಮನಸ್ಸಿದ್ದರೆ ಕೊಂಡಿಡಿ, ಆದರೆ ಎದುರಿನ ಸಾಲಿನಲ್ಲಿ ನಾಲ್ಕಾರು ಮನೆಗಳಲ್ಲಿ ಸಂಸಾರ ಹೂಡುವವರೆಗೆ ಬಾಡಿಗೆ ಮನೆ ಬಿಡಬೇಡಿ.