ಯಾವ ಊರ್ರಿ ನಿಮ್ದು? ಊರು ಬಿಟ್ಟು ಬಂದವರ ಮನಸ್ಸಿನ ಕಥಿ

ಥಂಡಿ ಶುರು ಆತಂದ್ರ ಹುಬ್ಬಳ್ಳಿಯಾಗ ಟಿಬೆಟನ್ನರ ಸ್ವೆಟರ್ ಅಂಗಡಿ ಸಾಲು ಏಳ್ತಾವ. ನಾವು ವರ್ಷಾ ಒಬ್ಬ ಅಜ್ಜಿ ಹತ್ರನ ತಗೊಳ್ಳೂದು, "ಆಗೂದಿಲ್ಲ ತಮ್ಮಾ, ಹಾಕ್ಕೊಂಡ್ ನೋಡು" ಅಂತ ಅಚ್ಚ ನಮ್ಮ ಕನ್ನಡದಾಗ ಚೌಕಾಸಿ ಮಾಡ್ತಾರ. ಹೋದ ಸಲ ಯಾವ ಊರ್ರಿ ನಿಮ್ದು ಅಂತ ಕೇಳ್ದೆ. ಮುಂಡಗೋಡ ಅಂದ್ರು. ಅದಕ್ಕಿಂತ ಮೊದ್ಲ? ಕೈಯಾಗಿನ ಸ್ವೆಟರ್ ಮಡಚಿದ್ರು, ಬಿಚ್ಚಿದ್ರು, ಮತ್ತ ಮಡಚಿದ್ರು. "ಅವ್ವನ ಬೆನ್ನಮ್ಯಾಲೆ ಬಂದೆ, ರಾತ್ರಿ ಅಷ್ಟ ನಡೀತಿದ್ವಿ" ಅಂದು ಸುಮ್ಮನಾದ್ರು.

1959ರ ಮಾರ್ಚ್‌ನಾಗ ಟಿಬೆಟಿನ ರಾಜಧಾನಿ ಲಾಸಾದ ದಂಗೆಯನ್ನ ಚೀನಾ ಸೈನ್ಯ ಹತ್ತಿಕ್ಕಿತು, ದಲೈ ಲಾಮಾ ಭಾರತಕ್ಕ ಬಂದ್ರು, ಅವರ ಹಿಂದ ಸಾವಿರಾರು ಮಂದಿ ಹಿಮಾಲಯ ದಾಟಿದ್ರು. ಮೊದಲು ಭಾಳ ಮಂದಿಗೆ ಸಿಕ್ಕಿದ್ದು ಗುಡ್ಡಗಾಡಿನ ರೋಡ್ ಕೆಲಸ. ಆಮ್ಯಾಲೆ ಆಗಿನ ಮೈಸೂರು ರಾಜ್ಯ ಜಾಗ ಕೊಡ್ತು, ಮೊದ್ಲ ಬೈಲಕುಪ್ಪೆ, 1966ರಿಂದ ಮುಂಡಗೋಡ. ಹಿಮದಾಗ ಬದುಕಿದ ಮಂದಿ ಇಲ್ಲಿ ಕಾಡು ಕಡದು, ಮಳಿಯಾಗ ನೆನದು, ಗೋವಿನಜೋಳ ಬೆಳಿಯೂದು ಕಲತ್ರು.

ಹೊಟ್ಟಿ ತುಂಬ್ತು, ಆದ್ರ ಮನಸ್ಸು? ಅದನ್ನ ಕೇಳೂದು ಜಗತ್ತಿಗೇ ತಡವಾಗಿ ತಿಳೀತು. 1688ರಾಗ ಯೊಹಾನ್ಸ್ ಹೋಫರ್ ಅನ್ನೋ ವೈದ್ಯವಿದ್ಯಾರ್ಥಿ ಊರು ಬಿಟ್ಟ ಸ್ವಿಸ್ ಮಂದಿ ಊರು ನೆನಸಿ ಸೊರಗೂದನ್ನ ನೋಡಿ ಅದಕ್ಕ ನಾಸ್ಟಾಲ್ಜಿಯಾ ಅಂತ ರೋಗದ ಹೆಸರು ಕೊಟ್ಟ. ಮೊದಲ ಮಹಾಯುದ್ಧದಾಗ, 1915ಕ್ಕ, ಶೆಲ್ ಶಾಕ್ (ಬಾಂಬಿನ ಹೊಡೆತದಾಗ ಇದ್ದು ಮನಸ್ಸು ತತ್ತರಿಸೂದು) ಅನ್ನೋ ಮಾತು ವೈದ್ಯರ ಪತ್ರಿಕೆಗೆ ಬಂತು, ಆದರೂ ನಡುಗೋ ಸೈನಿಕರನ್ನ ಹೇಡಿ ಅಂದವರ ಹೆಚ್ಚು. ವಿಯೆಟ್ನಾಂ ಯುದ್ಧ ಮುಗದ ಮ್ಯಾಲೆ, 1980ರಾಗ, ಪಿಟಿಎಸ್‌ಡಿ (ಭಯಂಕರ ಘಟನೆ ಕಂಡ ಮ್ಯಾಲೆ ಮನಸ್ಸಿನಾಗ ಉಳಿಯೋ ಆಘಾತ) ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿ ಸೇರ್ತು. ಗಮನಿಸ್ರಿ, ಅಲ್ಲಿ ತನಕ ಹೆಚ್ಚು ಮಾತು ಬಂದೂಕು ಹಿಡದವರದ್ದ, ಮಕ್ಕಳನ್ನ ಎತಗೊಂಡು ಓಡಿದ ಹೆಂಗಸರದ್ದಲ್ಲ. ಕಾಂಬೋಡಿಯಾ, ವಿಯೆಟ್ನಾಂನಿಂದ ಓಡಿ ಬಂದವ್ರು ಅಮೆರಿಕದ ಕ್ಲಿನಿಕ್‌ಗಳಿಗೆ ಬರಾಕ ಹತ್ತಿದಾಗ ನಿರಾಶ್ರಿತರ ಕಡೆ ಡಾಕ್ಟರುಗಳ ಕಣ್ಣು ಹೊರಳಿತು.

ನನ್ನ ಮನಸ್ಸಿಗೆ ತಟ್ಟಿದ್ದು 2005ರ ಒಂದು ವಿಶ್ಲೇಷಣೆ. 50ಕ್ಕೂ ಹೆಚ್ಚು ಅಧ್ಯಯನ ಕೂಡಿಸಿ ನೋಡಿದ್ರ, ನಿರಾಶ್ರಿತರ ಮನಸ್ಸಿನ ಸ್ಥಿತಿ ಬಿಟ್ಟು ಬಂದ ಊರಾಗ ಕಂಡ ಹಿಂಸೆಯಿಂದ ಅಷ್ಟ ಅಲ್ಲ, ಬಂದ ಮ್ಯಾಲೆ ಎಲ್ಲಿ ಇಟ್ರು, ದುಡಿಯಾಕ ಬಿಟ್ರೋ ಇಲ್ಲೋ, ಅದರಿಂದನೂ ಕೆಡ್ತೈತಿ ಅಂತ ಕಂಡುಬಂತು. ಓದಿದವರು, ಹಿಂದ ಚಲೋ ಸ್ಥಿತಿಯಾಗ ಇದ್ದವರು ಇನ್ನೂ ಹೆಚ್ಚು ಕುಸೀತಾರ, ಯಾಕಂದ್ರ ಅವರು ಬೀಳೂದು ಎತ್ತರದಿಂದ. ಭಾರತ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕ ಸಹಿ ಮಾಡಿಲ್ಲ, ಹಿಂಗಾಗಿ ಭಾಳ ಟಿಬೆಟನ್ನರು ಇವತ್ತೂ ಆರ್‌ಸಿ ಅನ್ನೋ ನೋಂದಣಿ ಕಾರ್ಡ್ ರಿನ್ಯೂ ಮಾಡಿಸ್ಕೋತ ಕಾಗದದಾಗ ವಿದೇಶಿಯರಾಗೇ ಉಳದಾರ. ಅರವತ್ತು ವರ್ಷ ಇದ್ದ ಊರಾಗ ವಿದೇಶಿ, ಇದು ಸಣ್ಣ ಭಾರ ಅಲ್ರಿ.

ಟಿಬೆಟಿ ವೈದ್ಯದಾಗ ಇಂಥ ಸಂಕಟಕ್ಕ ಸೋಕ್-ಲುಂಗ್ ಅಂತಾರ. ಲುಂಗ್ ಅಂದ್ರ ಗಾಳಿ, ಪ್ರಾಣದ ಗಾಳಿ ಏರುಪೇರಾದ್ರ ಎದಿ ಬಿಗೀತೈತಿ, ನಿದ್ದಿ ಹಾರತೈತಿ. ನಮ್ಮ ಮಂದಿಗೂ ಇದು ಹೊಸದಲ್ಲ, "ಮನಸ್ಸಿಗೆ ಬ್ಯಾಸರಾಗೇತಿ" ಅನ್ನೂದಿಲ್ಲ, "ಎದಿ ಧಸಕ್ ಅಂತೈತಿ, ತಲಿ ಗಿಮ್ಮ ಅಂತೈತಿ" ಅಂತೀವಿ, ಬಿಪಿ ಗುಳಿಗಿ ತಗೊಂಡು ಮನಿಗೆ ಬರ್ತೀವಿ.

ಯುದ್ಧ ದೂರ ಅಂತ ಅನ್ಕೊಂಡಿದ್ವಿ. 2022ರ ಮಾರ್ಚ್ 1ಕ್ಕ ಉಕ್ರೇನಿನ ಖಾರ್ಕಿವ್‌ನಾಗ ಹಾವೇರಿ ಜಿಲ್ಲಾದ ಚಳಗೇರಿಯ ಮೆಡಿಕಲ್ ವಿದ್ಯಾರ್ಥಿ ರಷ್ಯಾದ ದಾಳಿಗೆ ಬಲಿಯಾದ. ಬಂಕರಿನ್ಯಾಗ ಕೂತು ಬದುಕಿ ಬಂದ ಹುಡುಗರು ನಿರಾಶ್ರಿತರಲ್ಲ, ಅವರಿಗೆ ಮನಿ ಇತ್ತು, ಅವ್ವನ ಕೈ ರೊಟ್ಟಿ ಇತ್ತು. ಆದ್ರೂ ಅವರನ್ನ ಮಾತಾಡ್ಸಾಕ ಬಂದವರೆಲ್ಲ ಸೀಟಿಂದ ಏನಾತು, ಫೀ ಏನಾತು ಅಂತ ಕೇಳಿದ್ರು, ನಿದ್ದಿ ಬರ್ತೈತೇನು ಅಂತ ಕೇಳಿದವರನ್ನ ನಾನಂತೂ ನೋಡ್ಲಿಲ್ಲ.

ನಮ್ಮ ಭಾಗಕ್ಕ ಮನಸ್ಸಿನ ದೊಡ್ಡ ಆಸ್ಪತ್ರಿ ಧಾರವಾಡದಾಗ ಐತಿ, ಈಗ ಡಿಮ್ಹಾನ್ಸ್, ಅದರ ಬೇರು 1845ರದ್ದು. ಆದ್ರ ಯಾವ ಡಾಕ್ಟರ್ ಹತ್ರ ಹೋದ್ರೂ ಆ ಅಜ್ಜಿಗೆ ಬರೂದು ವ್ಯಾಪಾರದ ಕನ್ನಡ. ಅದರಾಗ ರೇಟ್ ಹೇಳಬಹುದು, ಕನಸು ಹೇಳಾಕ ಆಗೂದಿಲ್ಲ. ಕನ್ನಡ ಶಾಲಿ ಕಲತ ಮೊಮ್ಮಗ ಅನುವಾದಕ್ಕ ಬರ್ತೀನಂದಾನಂತ. ಅಜ್ಜಿ ಬ್ಯಾಡ ಅಂದಾರ, ಆ ರಾತ್ರಿಗಳ ಮಾತು ಹುಡುಗನ ಬಾಯಿಂದ ಬರೂದು ಅವರಿಗೆ ಬೇಕಿಲ್ಲ.