ಇಂಪ್ರೆವಿಸ್ತೊ ಎಂದರೆ ಭೂಕಂಪವಲ್ಲ

ನಾನು ಸ್ಪ್ಯಾನಿಷ್ ಒಪ್ಪಂದಗಳ ಅನುವಾದಕ. ‘ಇಂಪ್ರೆವಿಸ್ತೊ’ ಎಂಬ ಪದಕ್ಕೆ ನಿಘಂಟಿನಲ್ಲಿ ‘ಅನಿರೀಕ್ಷಿತ’ ಎಂಬ ಅರ್ಥ ಸಿಗುತ್ತದೆ, ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತವರು ಅದನ್ನೂ ‘ಇಂಪ್ರೆವಿಸಿಬ್ಲೆ’ಯನ್ನೂ ಒಂದೇ ಮಾಡಿಬಿಡುತ್ತಾರೆ. ಮೊದಲನೆಯದು ಯಾರೂ ಮುಂಗಾಣದೆ ಹೋದದ್ದು, ಎರಡನೆಯದು ಮುಂಗಾಣಲಾಗದ್ದು. ಈ ‘ಲಾಗದ’ದ ಮೇಲೆ ಹಣ ನಿಂತಿರುತ್ತದೆ ಎಂದು ಎಷ್ಟು ಸಲ ಹೇಳಿದರೂ ಸಾಲದು. ಸ್ಪೇನಿನ 1889ರ ನಾಗರಿಕ ಸಂಹಿತೆಯ 1105ನೆಯ ವಿಧಿಯನ್ನೇ ನೋಡಿ. ಕಾನೂನೋ ಕರಾರೋ ಬೇರೆ ಹೇಳಿರದಿದ್ದರೆ, ಮುಂಗಾಣಲು ಸಾಧ್ಯವೇ ಇಲ್ಲದಿದ್ದ ಅಥವಾ ಮುಂಗಂಡರೂ ತಪ್ಪಿಸಲಾಗದ ಘಟನೆಗೆ ಯಾರೂ ಹೊಣೆಯಲ್ಲ. ‘ನಮಗೆ ಹೊಳೆಯಲಿಲ್ಲ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಕೊಲಂಬಿಯಾದ ಕಟ್ಟಡ ಗುತ್ತಿಗೆಗಳಲ್ಲಿ ನೇರ ವೆಚ್ಚದ ಮೇಲೆ ‘ಎ.ಐ.ಯು.’ ಎಂದು ಸೇರಿಸುತ್ತಾರೆ: ಆಡಳಿತ, ಇಂಪ್ರೆವಿಸ್ತೊಗಳು, ಲಾಭ. ದರಪಟ್ಟಿ ಸಿದ್ಧಪಡಿಸುತ್ತಿದ್ದ ತರುಣ ಎಂಜಿನಿಯರ್ ಒಬ್ಬರು, ಬಹಳ ಶ್ರದ್ಧೆಯ ಹುಡುಗ, ನಡುವಿನ ಸಾಲಿನಲ್ಲಿ ಭೂಕಂಪ, ಪ್ರವಾಹ ಎಂದು ಬರೆದು ತಂದಿದ್ದರು. “ಸರ್, ಇವೇ ತಾನೆ ಅನಿರೀಕ್ಷಿತ?” ಎಂದರು. ಅಲ್ಲ. ಆ ಸಾಲು ಇರುವುದು ಕೆಲಸದಲ್ಲಿ ಸಾಮಾನ್ಯವಾಗಿ ಎದುರಾಗುವ ಸಣ್ಣಪುಟ್ಟ ಅಡಚಣೆಗಳಿಗೆ: ಯಾವುದು ಬರುತ್ತದೆಂದು ಗೊತ್ತಿಲ್ಲ, ಒಂದಲ್ಲ ಒಂದು ಬಂದೇ ಬರುತ್ತದೆಂದು ಗೊತ್ತು. ಭೂಕಂಪದಂಥದ್ದು ‘ಫುಎರ್ಸಾ ಮಯೋರ್’, ಅಂದರೆ ಯಾರ ಕೈಯಲ್ಲೂ ತಡೆಯಲಾಗದ ಘಟನೆ, ಅದರ ಲೆಕ್ಕವೇ ಬೇರೆ. ಯಾವ ಖರ್ಚು ಯಾವ ಸಾಲಿಗೆ ಎಂಬ ಕೊನೆಯ ಮಾತನ್ನು ಮಾತ್ರ ಅಲ್ಲಿನ ವಕೀಲರಿಂದಲೇ ಕೇಳಬೇಕು. ಅನುವಾದಕನನ್ನು ನಂಬಿ ಸಹಿ ಹಾಕಬೇಡಿ.

ಒಪ್ಪಂದದ ಹೊರಗೆ ಈ ಪದ ಬಹಳ ಮೃದು. ಬಯಸದೇ ಬಂದ ಉಡುಗೊರೆಗೆ ‘ಇನೆಸ್ಪೆರಾದೊ’ ಎನ್ನಿ. ನಾಮಪದವಾಗಿ ಇಂಪ್ರೆವಿಸ್ತೊ ಸಾಮಾನ್ಯವಾಗಿ ತೊಡಕನ್ನೇ ಸೂಚಿಸುತ್ತದೆ. “ಮೆ ಸುರ್ಹಿಯೊ ಉನ್ ಇಂಪ್ರೆವಿಸ್ತೊ”, ಅಂದರೆ ಏನೋ ಅಡಚಣೆ ಬಂತು, ಎಂದು ಸ್ನೇಹಿತರು ಭೇಟಿಯನ್ನು ಮುಂದೂಡಿದಾಗ ಸ್ಪ್ಯಾನಿಷ್ ಕಲಿಯುತ್ತಿರುವ ನಮ್ಮವರು ಕಾಳಜಿಯಿಂದಲೇ ಕೇಳುತ್ತಾರೆ: ಏನಾಯಿತು, ಯಾರಿಗಾಯಿತು, ಆಸ್ಪತ್ರೆಯೇ? ಕಾಳಜಿ ಒಳ್ಳೆಯದೇ. ಆದರೆ ಕಾರಣ ಹೇಳಲು ಇಷ್ಟವಿಲ್ಲದವರಿಗೂ ಆ ವಾಕ್ಯ ಒಂದು ಮರೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಚಿಂತೆಯಿಲ್ಲ ಎಂದು ಬರೆದು, ಇನ್ನೊಂದು ದಿನ ಗೊತ್ತುಮಾಡಿಕೊಳ್ಳಿ.